ಮಾದಪ್ಪ ಮಾವನ ಮೋಟಾರು ಹಿಡಿದುಕೊಟ್ಟ ತಪ್ಪು

ಗೆಳೆಯರೇ, ಇವತ್ತು ಹರದನಹಳ್ಳಿಯಲ್ಲಿ ಪಕ್ಕದ ತೋಟದ ಮಾದಪ್ಪ ಮಾವನಿಗೆ ಬೈದು ಬಂದೆ. ಅವರು ಮೋಟಾರು ಹಾಕಿದೊಡನೆ ವೋಲ್ಟೇಜು ಬಿದ್ದು ನನ್ನ ಕಂಪ್ಯೂಟರ್ ಆಫಾಗಿತ್ತು. ಬಂದು ಆನ್ ಮಾಡಿದರೆ, ಆಗಷ್ಟೇ ಸೇವ್ ಮಾಡಿದ್ದ ಫೈಲು ಖಾಲಿ! ನಾವು ಹತ್ತಾರು ಜನ ಸೇರಿ ಕಟ್ಟುತ್ತಿರುವ ಓಪನ್ ಸೋರ್ಸ್ ಫೈಲ್ ಸಿಸ್ಟಮ್‌ನಲ್ಲಿ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿ ಕಾಪಾಡುವ ತಂತ್ರಾಂಶದಲ್ಲಿ, ತಿಂಗಳಿಂದ ಕೈಗೆ ಸಿಗದೆ ಕಾಡಿದ್ದ ತಪ್ಪು ಇದೇ. ಇನ್ನೊಮ್ಮೆ ಹಾಗೇ ಆದರೆ ಎಲ್ಲಿ ತಪ್ಪಿದೆ ಎಂದು ಹಿಡಿಯಬಹುದೆಂದು ಮತ್ತೆ ತೋಟಕ್ಕೆ ಓಡಿದೆ.

“ಮಾವ, ಇನ್ನೊಂದ್ಸಲ ಮೋಟಾರು ಹಾಕಿ!”

“ಈಗ್ತಾನೆ ಆಕ್ಬೇಡಿ ಅಂತ ಕೂಗಾಡ್ಬುಟ್ಟು, ಈಗ ಆಕಿ ಅಂತೀಯಲ್ಲಮ್ಮಿ!”

ಆದರೂ ಒಂಬತ್ತು ಸಲ ಹಾಕಿ ನಿಲ್ಲಿಸಿದರು. ತಪ್ಪು ಸಿಕ್ಕಿತು, ಸರಿಯಾಯಿತು. ನಮ್ಮಲ್ಲಿ ತಿದ್ದುಪಡಿಯ ಕೆಳಗೆ ತಪ್ಪು ತೋರಿಸಿಕೊಟ್ಟವರ ಹೆಸರು ಬರೆಯುವುದು ರೂಢಿ. ಮಾವನ ಹೆಸರು ಬರೆದು ತೋರಿಸಿದೆ.

ಕನ್ನಡಕ ಏರಿಸಿ ನೋಡಿದರು. “ನೀ ಬೈದಿದ್ದೂ ಬರ್ದಿದ್ದೀಯೇನಮ್ಮಿ?”

ಅದನ್ನು ಇಲ್ಲಿ ಬರೆದಿದ್ದೇನೆ, ಮಾವ.