ಕ್ಷೌರದಂಗಡಿಯ ಬಾದಾಮಿ ಮರ

ಒಂದೇ ವಾರದಲ್ಲಿ ಮೂರು ಊರು ಸುತ್ತಿ ಬಂದರೆ ಸೋದರಮಾವನ ಕೆನ್ನೆ ಮೂವರು ಕ್ಷೌರಿಕರ ಕೈಗೆ ಸಿಕ್ಕು ಕೆಂಪಗೆ ಉರಿಯುತ್ತಿತ್ತು. ಹೊಸ ಊರಲ್ಲಿ ಇಳಿದೊಡನೆ ಗುಡಿಯನ್ನಲ್ಲ, ಕಟಿಂಗ್ ಅಂಗಡಿಯನ್ನು ಹುಡುಕುವುದು ಅವನ ಪದ್ಧತಿ. "ಕನ್ನಡಿ ಮುಂದ ಕುಂತ ಮನಷ್ಯಾ ಭಾಳೊತ್ತು ಸುಳ್ಳು ಹೇಳೂದಿಲ್ಲವಾ," ಎನ್ನುತ್ತಿದ್ದ. ಕನ್ನಡದ ಒಂದು ವಾರಪತ್ರಿಕೆಗೆ ಪ್ರವಾಸ ಲೇಖನ ಬರೆಯುತ್ತಿದ್ದ ಅವನಿಗೆ ಸ್ವಂತ ಮನೆಯಿರಲಿಲ್ಲ. ತಿರುಗಾಟದ ನಡುವೆ ವಿಜಯವಾಡದ ಪಟಮಟದಲ್ಲಿದ್ದ ನಮ್ಮ ಮನೆಗೆ ಬಂದು, ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಿದ್ದ. ನಾನು ಟೈಪ್ ಮಾಡಿ ಕಳಿಸುತ್ತಿದ್ದೆ. ಅಚ್ಚಾದದ್ದನ್ನು ಅವನು ಓದುತ್ತಿರಲಿಲ್ಲ. "ಹೋಗಿ ಬಂದೀನಲ್ಲ, ಮತ್ಯಾಕ?"

ಆ ಹೋಗಿ ಬಂದದ್ದರ ಮೇಲೆಯೇ ಅವ್ವನಿಗೆ ಅನುಮಾನ. "ಈ ಮಾರಾಯ ಇಲ್ಲೇ ಬಾಜೂಕಿನ ಮಂಗಳಗಿರಿ ದಾಟಿರೂದಿಲ್ಲ. ಅಲ್ಲೇ ಕುಂತು ಕಾಶಿ ಬರೀತಾನ," ಎಂದು ತಮ್ಮನನ್ನು ಕಾಡುತ್ತಿದ್ದಳು. ಅವನು ನಗುತ್ತಿದ್ದ. ಇತಿಹಾಸ ಓದಿಕೊಂಡಿದ್ದ ನನಗೆ ನಗು ಬರುತ್ತಿರಲಿಲ್ಲ. ಅವನ ಊರುಗಳು ಸುಳ್ಳಾದರೆ ನನ್ನ ಪಾಲಿಗೆ ಅವನಲ್ಲಿ ಉಳಿಯುವುದೇನು?

ವಿಶಾಖಪಟ್ಟಣದ ಲೇಖನದಲ್ಲಿ, ಮೀನುಗಾರಿಕೆ ಬಂದರಿನ ಬಳಿ ಬಾದಾಮಿ ಮರಕ್ಕೆ ಕನ್ನಡಿ ಕಟ್ಟಿದ ಕ್ಷೌರಿಕನೊಬ್ಬನಿದ್ದ. ಅದು ಅಚ್ಚಾಗಿ ಎರಡು ವರ್ಷದ ಮೇಲೆ, ಪರೀಕ್ಷೆಗೆಂದು ಆ ಊರಿಗೆ ಹೋದವಳು ಹುಡುಕಿಕೊಂಡು ಹೋದೆ. ಅಂಗಡಿ ಸಿಕ್ಕಿತು. ಕನ್ನಡಿ ಗೋಡೆಯಲ್ಲಿತ್ತು.

"ಚೆಟ್ಟಾ? ಇಕ್ಕಡ ಎಪ್ಪುಡೂ ಲೇದಮ್ಮಾ," ಎಂದ ಕ್ಷೌರಿಕ. ಅಲ್ಲಿ ಎಂದೂ ಮರವಿರಲಿಲ್ಲವಂತೆ. ಮಾಮಾ ಬಂದಿದ್ದನೇ ಎಂದು ಕೇಳಿದರೆ, ದಿನಕ್ಕೆಷ್ಟೋ ಮಂದಿ ಬರುತ್ತಾರೆ ಎಂದು ಕತ್ತರಿ ಆಡಿಸಿದ.

ಮನೆಗೆ ಬಂದು ಅವ್ವನ ಎದುರೇ ಕೇಳಿದೆ: "ಮಾಮಾ, ನೀ ವೈಜಾಗ್‌ಗೆ ಹೋಗೇ ಇಲ್ಲಲ್ಲ?"

"ನೀ ಪೊಲೀಸ್ ಆಗಬೇಕಿತ್ತು ನೋಡವಾ," ಎಂದು ನಕ್ಕ.

ಪತ್ರಿಕೆ ತಂದು ಮುಂದಿಟ್ಟೆ. ಅಚ್ಚಾದ ತನ್ನ ಲೇಖನವನ್ನು ಅವನು ಓದಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮರದ ಸಾಲಿನ ಮೇಲೆ ಬೆರಳು ನಿಂತಿತು. ನನ್ನ ಮುಖ ನೋಡಿದ.

"ಹೆಸರು ನಂದೈತಿ. ಮರಾನೂ ನಂದ ಆತು, ಬಿಡು."

"ಸಿಕ್ಕಬಿದ್ದಿ ನೋಡು!" ಎಂದಳು ಅವ್ವ.

ತಪ್ಪೊಪ್ಪಿಕೊಂಡ ಎಂದುಕೊಂಡೆ. ಟೈಪ್ ಮಾಡುವುದನ್ನು ನಿಲ್ಲಿಸಿದೆ. ಅವನು ಕೇಳಿಕೊಳ್ಳಲಿಲ್ಲ; ಹಾಳೆಗಳ ಫೋಟೊ ತೆಗೆದು ತಾನೇ ಪತ್ರಿಕೆಗೆ ಕಳಿಸತೊಡಗಿದ. ನಮ್ಮ ಮನೆಗೆ ಬರುವುದೂ ಕಡಿಮೆಯಾಯಿತು.

ಹೋದ ವರ್ಷ ತೀರಿಕೊಂಡ. ಚೀಲದಲ್ಲಿ ನೋಟ್‌ಬುಕ್ಕುಗಳಿದ್ದವು. ವಿಶಾಖಪಟ್ಟಣದ ಪುಟದಲ್ಲಿ ಅವನ ಅಕ್ಷರ: 'ಕನ್ನಡಿ ಗೋಡೆಯ ಮೊಳೆಗೆ. ಎಲ್ಲೂ ನೆರಳಿಲ್ಲ.' ನನ್ನ ನೆನಪನ್ನು ನಂಬದೆ, ಆ ಲೇಖನ ಟೈಪ್ ಮಾಡಿದ ತಿಂಗಳ ನನ್ನ ದಿನಚರಿ ತೆರೆದೆ. 'ಮಾಮಾನ ಲೇಖನ ತೀರಾ ಒಣಕಲು. ಒಂದು ಬಾದಾಮಿ ಮರ ನೆಟ್ಟೆ.' ಕೈಬರಹ ನನ್ನದೇ. ಬರೆದದ್ದು ಇಂದಿಗೂ ನೆನಪಿಲ್ಲ.

ಅವನಿಗೆ ಅಂದೇ ತಿಳಿದಿತ್ತೇ? ತಿಳಿದೂ ಅವ್ವನ ಎದುರು ನನ್ನನ್ನು ಉಳಿಸಿದನೇ? ಹಾಗೆಂದುಕೊಳ್ಳಲು ಮನಸ್ಸು ಹಾತೊರೆಯುತ್ತದೆ. ಅದಕ್ಕೇ ನಂಬಲು ಹೆದರುತ್ತೇನೆ. ಅವನ ಲೇಖನಗಳು ಈಗ ಪುಸ್ತಕವಾಗುತ್ತಿವೆ, ಕರಡು ತಿದ್ದುವವಳು ನಾನು. ಪ್ರತಿ ಸಾಲನ್ನೂ ನೋಟ್‌ಬುಕ್ಕಿಗೆ ಹಿಡಿದು ನೋಡುತ್ತೇನೆ. ಈ ಸಲ ಅನುಮಾನ ನನ್ನ ಮೇಲೆ. ಆ ಮರವನ್ನು ತೆಗೆದಿದ್ದೇನೆ. ಪತ್ರಿಕೆಯಲ್ಲಿ ಬಂದಾಗ ಅದನ್ನು ಸೇರಿಸಿದ್ದು ಯಾರೆಂದು ಅದೇ ಪುಟದ ಅಡಿಯಲ್ಲಿ ಟಿಪ್ಪಣಿ ಬರೆದು, ನನ್ನ ಹೆಸರು ಹಾಕಿದ್ದೇನೆ.