ಏಳನೆಯ ಮಗ್ಗ ಹೋದ ದಾರಿ

ನಂಗವಳ್ಳಿ ಅಜ್ಜಿ ಟೀಗೆ ಏಲಕ್ಕಿ ಹಾಕಬೇಕೆಂದರೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಿಟ್ಟು ದೇವರ ಗೂಡಿಗೆ ಕೈ ಹಾಕುತ್ತಾರೆ. ಅಲ್ಲಿ ವಿಭೂತಿ ಬಟ್ಟಲಿನ ಪಕ್ಕದಲ್ಲಿ ಬೆರಳುದ್ದದ ಒಂದು ಪ್ಲಾಸ್ಟಿಕ್ ಸೀಸೆ ಇದೆ. ನೀಲಿ ಮುಚ್ಚಳ, ಮೈಮೇಲೆ ಅರ್ಧ ಕಿತ್ತುಹೋದ ಬಾರ್‌ಕೋಡ್. ಡಿಎನ್‌ಎ ಪರೀಕ್ಷೆಗೆ ಕೆನ್ನೆ ಉಜ್ಜಿದ ಕಡ್ಡಿಯನ್ನು ಹಾಕಿ ಕಳಿಸುವ ಸೀಸೆ ಅದು. ಒಂದು ಹೆಚ್ಚಾಗಿ ಉಳಿದಿತ್ತು. ಅಜ್ಜಿ ಅದನ್ನು ಬಿಸಿನೀರಿನಲ್ಲಿ ಬೇಕಾದಷ್ಟು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಬಿಡಿಸಿದ ಏಲಕ್ಕಿ ಕಾಳು ತುಂಬಿಟ್ಟುಕೊಂಡಿದ್ದಾರೆ. ಈ ಮಧ್ಯಾಹ್ನ ಅವರು ಮುಚ್ಚಳ ತಿರುಗಿಸಿದ್ದೇ ತಡ, ಘಮ್ಮೆಂದು ವಾಸನೆ ಬಂತು. ಅದರ ಜೊತೆಗೆ ದೊಡ್ಡಪ್ಪನ ಕೆಂಪು ನಾಲಿಗೆಯೂ ನೆನಪಾಯಿತು. ಏಲಕ್ಕಿಗೂ ದೊಡ್ಡಪ್ಪನ ನಾಲಿಗೆಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ, ಸ್ವಲ್ಪ ತಾಳಿ.

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನ ಓದಿದವಳಲ್ಲ. ಬಿ.ಕಾಂ. ಮಾಡಿ ಸೇಲಂನ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕಿದ್ದೇನೆ. ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲ್ ತಿರುವುತ್ತಿದ್ದಾಗ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಒಂದೇ ಮನೆತನದ ಹೆಸರಿನವರೆಲ್ಲ ಸೇರಿ ಗುಂಪಾಗಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡು, ತಮ್ಮ ಮೂಲ ಹುಡುಕುವ ಪ್ರಾಜೆಕ್ಟ್. ಅಷ್ಟೇ, ನನಗೆ ಹುಚ್ಚು ಹಿಡಿಯಿತು. ವಿಡಿಯೋ ಮೇಲೆ ವಿಡಿಯೋ ನೋಡಿದೆ. ಅರ್ಧ ಅರ್ಥವಾಯಿತು, ಇನ್ನರ್ಧ ಅರ್ಥವಾದಂತೆ ಅನ್ನಿಸಿತು. ಆ ಧೈರ್ಯದಲ್ಲೇ ‘ಏಳುಮಗ್ಗದ ಮನೆ’ ಅಂತ ಒಂದು ಗುಂಪು ಶುರುಮಾಡಿಬಿಟ್ಟೆ.

ಏಳುಮಗ್ಗದ ಮನೆ ಅನ್ನುವುದು ನಮ್ಮ ಮನೆತನದ ಹೆಸರು. ನಮ್ಮ ಹಿರಿಯರು ಯಾವಾಗಲೋ ಕನ್ನಡ ಸೀಮೆಯಿಂದ ಇಳಿದು ಬಂದು, ಸೇಲಂನಲ್ಲಿ ಮಗ್ಗ ಹೂಡಿ, ಇಲ್ಲೇ ಬೇರುಬಿಟ್ಟರು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಸೇಲಂ, ಓಮಲೂರು, ಕಡಯಂಪಟ್ಟಿ, ನಂಗವಳ್ಳಿ, ಎಲ್ಲೇ ಇರಲಿ, ಒಂದೇ ಮನೆ ಹೆಸರಿನವರು ಅಂದರೆ ಅಣ್ಣತಮ್ಮಂದಿರು ಅಂತ ಲೆಕ್ಕ. ಅವರ ಮಕ್ಕಳು ಅಣ್ಣತಂಗಿಯರು. ಹೆಣ್ಣು ಕೊಡುವ ತರುವ ಮಾತೇ ಇಲ್ಲ.

ಹೆಸರೇನೋ ಏಳುಮಗ್ಗ. ಆದರೆ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗಳು ಇರುವುದು ಆರೇ. ಏಳನೆಯದರ ಮೇಲೆ ಕಲ್ಲುಚಪ್ಪಡಿ ಮುಚ್ಚಿದೆ. ಯಾಕೆ ಮುಚ್ಚಿದರು ಅಂದರೆ ಒಬ್ಬೊಬ್ಬರದು ಒಂದೊಂದು ಕಥೆ. ಚಿನ್ನ ಹೂತಿದ್ದಾರೆ ಅಂತ ಅತ್ತೆ, ದೆವ್ವ ಇದೆ ಅಂತ ದೊಡ್ಡಮ್ಮ. ನಾನೂ ಅಕ್ಕ ಪೂರ್ಣಿಯೂ ಚಿಕ್ಕವರಿದ್ದಾಗ ಆ ಚಪ್ಪಡಿಯ ಮೇಲೆ ಕೂತೇ ಊಟ ಮಾಡುತ್ತಿದ್ದೆವು. ದೆವ್ವಕ್ಕೆ ಒಂದು ತುತ್ತು ಇಡುತ್ತಿದ್ದೆವು. ಅದನ್ನು ಬೆಕ್ಕು ತಿನ್ನುತ್ತಿತ್ತು.

ಪ್ರಾಜೆಕ್ಟಿಗೆ ಬರೋಣ. ಅಪ್ಪನಿಂದ ಮಗನಿಗೆ, ಅವನಿಂದ ಅವನ ಮಗನಿಗೆ, ಹೀಗೆ ಗಂಡಸರಲ್ಲೇ ಇಳಿದು ಬರುವ ಒಂದು ಎಳೆ ಇದೆ. ಅದಕ್ಕೆ ವೈ ಅನ್ನುತ್ತಾರೆ. ಮನೆತನದ ಹೆಸರೂ ಅಪ್ಪನಿಂದ ಮಗನಿಗೆ ಬರುವುದರಿಂದ, ಹೆಸರು ಒಂದೇ ಆದವರಲ್ಲಿ ಈ ಎಳೆಯೂ ಒಂದೇ ಇರಬೇಕು. ಎಷ್ಟು ಚೆಂದದ ಲೆಕ್ಕ! ತೊಂದರೆ ಒಂದೇ. ನಾನು ಹುಡುಗಿ, ಆ ಎಳೆ ನನ್ನಲ್ಲಿ ಇಲ್ಲವೇ ಇಲ್ಲ. ಮನೆತನಕ್ಕೆಲ್ಲ ಹಿರಿಯರಾದ ದೊಡ್ಡಪ್ಪ ಇದನ್ನು ಕೇಳಿ ತೊಡೆ ತಟ್ಟಿಕೊಂಡು ನಕ್ಕರು.

“ಏನಮ್ಮಾ ಇದು, ನಿನ್ ತಾವ ಇಲ್ದಿರೋ ಎಳೇನ ಊರೋರ ಬಾಯಾಗೆಲ್ಲ ಉಡುಕ್ತೀಯಾ?”

“ಅದಕ್ಕೇ ನಿಮ್ಮ ಬಾಯಿ ಕೇಳ್ತಾ ಇರೋದು ದೊಡ್ಡಪ್ಪ. ಒಂದು ಗಂಟೆ ಎಲೆಅಡಿಕೆ ಬಿಟ್ಟಿರಿ, ಸಾಕು.”

“ಒಂದು ಗಂಟೆನಾ! ಆಪರೇಷನ್ ಆದಾಗ್ಲೂ ಡಾಕ್ಟರು ಇಷ್ಟು ಕಷ್ಟ ಕೊಡ್ಲಿಲ್ಲ.”

ಕೊನೆಗೂ ಒಂದು ಭಾನುವಾರ ನಾಲ್ಕೂ ಕಡೆಯ ಗಂಡಸರು ದೊಡ್ಡಪ್ಪನ ಜಗಲಿಯಲ್ಲಿ ಸೇರಿದರು. ಎಲ್ಲರೂ ಕೆನ್ನೆಯೊಳಗೆ ಕಡ್ಡಿ ಆಡಿಸಿಕೊಂಡು ಕೂತಿದ್ದ ನೋಟವನ್ನು ನೀವು ನೋಡಬೇಕಿತ್ತು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ನಗುವಂತಿಲ್ಲ. ದೊಡ್ಡಪ್ಪನ ಕಡ್ಡಿ ಬಾಯಿಂದ ಹೊರಬಂದಾಗ ಕುಂಕುಮದಲ್ಲಿ ಅದ್ದಿ ತೆಗೆದಂತೆ ಕೆಂಪಗಿತ್ತು. “ಒಂದೇ ಒಂದು ಎಲೆ ಕಣಮ್ಮಾ, ಅದೂ ಸಣ್ಣದು” ಅಂತ ತಪ್ಪೊಪ್ಪಿಕೊಂಡರು. ಅವರಿಗೆ ಬಾಯಿ ತೊಳೆಸಿ, ಇನ್ನೊಂದು ಕಡ್ಡಿ ಕೊಟ್ಟು, ಎದುರಿಗೇ ಕಾವಲು ಕೂತೆ.

ನಂಗವಳ್ಳಿಯಿಂದ ಬಂದವನು ಕುಮರೇಸ. ಓಮಲೂರಿನ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಜೊತೆಗೆ ಅವನ ಅಜ್ಜಿ, ಇವತ್ತು ನನಗೆ ಟೀ ಮಾಡಿಕೊಟ್ಟವರು. ನಂಗವಳ್ಳಿಯವರನ್ನೂ ಸೇರಿಸು ಅಂತ ನನಗೆ ದುಂಬಾಲು ಬಿದ್ದವಳು ಅಕ್ಕ. ಪ್ರಾಜೆಕ್ಟಿನ ಮೇಲೆ ಅವಳಿಗೆ ಇಷ್ಟು ಆಸಕ್ತಿ ಯಾಕೆ ಅಂತ ನಾನು ಒಂದು ಸಲವೂ ಯೋಚಿಸಲಿಲ್ಲ. ನನ್ನ ವಿವರಣೆ ಅಷ್ಟು ಚೆನ್ನಾಗಿರಬೇಕು ಅಂದುಕೊಂಡೆ! ಅವತ್ತು ಅಕ್ಕ ಎಲ್ಲರಿಗೂ ಕಾಫಿ ಕೊಟ್ಟಳು. “ತಗೋ ಚಿಕ್ಕಪ್ಪ”, “ತಗೋ ಅಣ್ಣ” ಅಂತ ವರಸೆ ಹಿಡಿದು ಕೊಡುತ್ತಾ ಬಂದವಳು ಕುಮರೇಸನ ಮುಂದೆ ಮಾತ್ರ ಲೋಟ ಇಟ್ಟು ಸುಮ್ಮನೆ ಹೋದಳು. ಅವನನ್ನು ‘ಅಣ್ಣ’ ಅಂತ ಬಾಯಿತುಂಬ ಕರೆದವಳು ನಾನು.

ಮೊದಲು ಬಂದದ್ದು ಒಟ್ಟು ನೆಂಟಸ್ತಿಕೆ ತೋರಿಸುವ ಫಲಿತಾಂಶ. ದೊಡ್ಡಪ್ಪನಿಗೂ ಕುಮರೇಸನಿಗೂ ದೂರದ ರಕ್ತಸಂಬಂಧ ಇದೆ ಅಂತ ಅದು ತೋರಿಸಿತು. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮವರಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತಂದು, ಕೊಟ್ಟು ತಂದು, ಯಾರ ಕೆನ್ನೆ ಉಜ್ಜಿದರೂ ಎಲ್ಲರೂ ಎಲ್ಲರಿಗೂ ನೆಂಟರೇ. ಇದನ್ನು ನಾನು ಹೇಳುವಷ್ಟರಲ್ಲಿ ದೊಡ್ಡಪ್ಪ ವಾಟ್ಸಾಪಿನಲ್ಲಿ ಸಭೆ ಕರೆದಂತೆ ಒಂದು ವಾಯ್ಸ್ ಮೆಸೇಜ್ ಹಾಕಿಬಿಟ್ಟಿದ್ದರು.

“ಏಳುಮಗ್ಗದ ಸೊಂದಕ್ಕಾರರಿಗೆಲ್ಲ, ನೆಂಟರಿಷ್ಟರಿಗೆಲ್ಲ ವಣಕ್ಕಂ! ಸೈನ್ಸೇ ಏಳ್ಬುಡ್ತು. ನಾವೆಲ್ಲ ಒಂದೇ ರತ್ತ. ಸೇಲಂ ಆದ್ರೇನು, ನಂಗವಳ್ಳಿ ಆದ್ರೇನು, ನಮ್ಮ ಉಡುಗ್ರೆಲ್ಲ ಅಣ್ಣತಂಗೀರು. ಇನ್ ಮೇಲೆ ಯಾರೂ ಸಂದೇಗ ಪಡಂಗಿಲ್ಲ.”

ಕುಮರೇಸ ಕೈಮುಗಿಯುವ ಒಂದು ಚಿತ್ರ ಹಾಕಿದ. ಪಾಪ, ಇನ್ನೇನು ಹಾಕಬೇಕಿತ್ತು!

ಅವತ್ತು ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅಕ್ಕ ಅಪ್ಪನ ಅಂಗಿಯಲ್ಲಿ ಮುಖ ಒರೆಸಿಕೊಂಡಳು. ಏನಾಯಿತೆಂದು ಕೇಳಿದೆ. ಅವಳು ಸೇಲಂನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಊರವರ ರಕ್ತ ಹಿಡಿಯುವವಳು. ಸುಲಭಕ್ಕೆ ಅಳುವ ಪೈಕಿ ಅಲ್ಲ.

“ಕುಮರೇಸ ಓಮಲೂರು ಬಸ್ಸಲ್ಲಿ ಪರಿಚಯ ಕಣೆ,” ಅಂದಳು. “ವರ್ಸಾನುಗಟ್ಲೆ ತಮಿಳಲ್ಲೇ ಮಾತಾಡ್ಕೊಂಡಿದ್ವಿ. ಒಂದಿನ ಅವ್ರಜ್ಜಿ ಫೋನ್ ಬಂತು. ‘ಬಂದ್ಬುಟ್ಟೆ ಇರಜ್ಜಿ, ಇಲ್ಲೇ ಸ್ಟಾಂಡ್ ತಾವ ಇವ್ನಿ’ ಅಂದ್ರು. ಅಯ್ಯೋ, ನಮ್ಮ ಮಾತು! ಆವತ್ತೇ ನಂಗೆ ಮನಸಾಗೋಯ್ತು. ಊರು ಕೇಳ್ದೆ, ಕೆಲ್ಸ ಕೇಳ್ದೆ. ಮನೆ ಎಸರು ಕೇಳೋದೊಂದು ಮರ್ತ್ಬುಟ್ಟೆ.”

“ಅಂದ್ರೆ ನನ್ನ ಪ್ರಾಜೆಕ್ಟು…”

“ಅದಾದ್ರೂ ಬೇರೆ ಬೇರೆ ಅಂತ ಏಳ್ಲಿ ಅಂತ ಇದ್ದೆ. ದೊಡ್ಡಪ್ಪ ಒಂದೇ ರತ್ತ ಅಂದ್ಬುಟ್ರಲ್ಲೇ.”

ವೈ ಎಳೆಯ ಫಲಿತಾಂಶ ಇನ್ನೂ ಬರಬೇಕಿತ್ತು. ಆಡಿಟರ್ ಆಫೀಸಿನಲ್ಲಿ ಕೂತು ಮೇಲ್ ತೆರೆಯುವುದು, ಮುಚ್ಚುವುದು ಇದೇ ನನ್ನ ಕೆಲಸವಾಯಿತು. ಕೊನೆಗೆ ಬಂತು. ಸೇಲಂ, ಓಮಲೂರು, ಕಡಯಂಪಟ್ಟಿ ಒಂದೇ ಎಳೆ. ನಂಗವಳ್ಳಿ ಬೇರೆಯೇ, ಎಲ್ಲೋ ದೂರದ ಕೊಂಬೆ. ಕುರ್ಚಿಯಿಂದ ಎದ್ದು ಕುಣಿಯಬೇಕು ಅನ್ನಿಸಿತು. ಎದ್ದೆ ಕೂಡ. ಆಮೇಲೆ ಮೆಲ್ಲಗೆ ಕೂತೆ. ಒಂದೇ ಮನೆ ಹೆಸರು, ಆದರೆ ಗಂಡಿನ ಎಳೆ ಬೇರೆ. ಇದನ್ನು ಗುಂಪಿನಲ್ಲಿ ಹಾಕಿದರೆ ಜನ ಏನು ಮಾತಾಡಿಕೊಳ್ಳುತ್ತಾರೆ? ನಂಗವಳ್ಳಿ ಅಜ್ಜಿ ಬಾಳಿ ಬದುಕಿದ ಮನೆಯ ಹಿರಿಯನೊಬ್ಬ ಯಾರ ಮಗನೋ ಅಂತಲ್ಲವೇ? ಎಳೆ ಬೇರೆ ಅಂತ ಡಿಎನ್‌ಎ ಹೇಳುತ್ತದೆ. ಹೇಗೆ ಬೇರೆಯಾಯಿತು ಅಂತ ಹೇಳುವುದಿಲ್ಲ.

ಫಲಿತಾಂಶ ಕುಮರೇಸನದು, ಹಾಗಾಗಿ ಮೊದಲು ಅವನಿಗೇ ಫೋನ್ ಮಾಡಿದೆ. ಅವನು ಎರಡು ಸಲ ಹೇಳಿಸಿ ಕೇಳಿಕೊಂಡ. ಆಮೇಲೆ, “ಅಜ್ಜಿಗೆ ನಾನೇ ಏಳ್ತೀನಿ. ಗ್ರೂಪ್ನಾಗೆ ಆಕ್ಬೇಡಿ. ಅಮಾವಾಸ್ಯೆಗೆ ದೊಡ್ಡಪ್ಪನ್ನ ಕರ್ಕೊಂಡ್ ಬನ್ನಿ, ಎದ್ರಾಎದ್ರೇ ಮಾತಾಡುವ” ಅಂದ.

ಅದು ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುವ ಅಮಾವಾಸ್ಯೆ. ಅವತ್ತು ಎಲ್ಲರ ಮನೆಯಲ್ಲೂ ಎಡೆ. ಆದ್ದರಿಂದ ಒಬ್ಬರ ಮನೆಯ ಎಡೆಯನ್ನು ಇನ್ನೊಬ್ಬರು ನೋಡುವುದೇ ಇಲ್ಲ. ಆದರೆ ಒಂದೇ ರಕ್ತ ಅಂತ ಸಾರಿದ ಮೇಲೆ ಕರೆದಲ್ಲಿಗೆ ಹೋಗದಿರಲು ದೊಡ್ಡಪ್ಪನಿಗೆ ಆಗುತ್ತದೆಯೇ? ನಮ್ಮ ಎಡೆಯನ್ನು ಬೆಳಗ್ಗೆಯೇ ಮುಗಿಸಿ, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ದಾರಿಯಲ್ಲೇ ಫಲಿತಾಂಶ ಹೇಳಿದೆ. ಅವರು ಎಲೆ ಅಗಿಯುವುದನ್ನೇ ನಿಲ್ಲಿಸಿದರು. “ಅಜ್ಜಿ ಮುಂದೆ ಬಾಯಿ ಬುಡ್ಬೇಡ. ಸಾಯೋ ಕಾಲ್ದಲ್ಲಿ ಆ ಮಾತು ಕೇಳ್ಬೇಕಾ ಅವ್ರು?” ಅಂದರು. ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ನಂಗವಳ್ಳಿ ಮನೆಯ ಎಡೆಯ ಮುಂದೆ ನಿಂತ ದೊಡ್ಡಪ್ಪ ಕೈಮುಗಿಯುವುದನ್ನು ಮರೆತರು. ನಮ್ಮಲ್ಲಿ ಎಲ್ಲಕ್ಕಿಂತ ಮುಂದೆ ಇಡುವುದು ಮನೆತನದ ಮೂಲಪುರುಷ ದೊಡ್ಡಯ್ಯನ ಪಂಚೆ. ಇಲ್ಲಿ ಮುಂದೆ ಇದ್ದದ್ದು ಒಂದು ಸೀರೆ, ಹಸಿರು ಬಳೆ, ಪಕ್ಕದಲ್ಲಿ ಒಂದು ಲಾಳಿ, ಮಗ್ಗದಲ್ಲಿ ನೂಲು ಹೊತ್ತು ಓಡಾಡುತ್ತದಲ್ಲ, ಅದು.

“ಏನಮ್ಮಾ ಇದು? ದೊಡ್ಡಯ್ಯ ಎಲ್ಲಿ?”

“ನಿಮ್ಮನೇಲಿ ದೊಡ್ಡಯ್ಯ,” ಅಂದರು ಅಜ್ಜಿ. “ನಮ್ಮನೇಲಿ ಮೊದಲು ಮಗ್ಗ ತಂದವ್ವ.”

“ಯಾರವ್ವ ಅದು?”

“ನಮ್ಮತ್ತೆ ಏಳ್ತಿದ್ರು. ಗಾಡೀಲಿ ಮಗ್ಗ ಏರ್ಸ್ಕೊಂಡು ತವರ್ನಿಂದ ಬಂದ್ಳಂತೆ. ಗಂಡ ಗಾಡಿ ಪಕ್ಕದಲ್ಲಿ ನಡ್ಕೊಂಡು ಬಂದ್ನಂತೆ.”

“ಗಂಡನ ಎಸರು?”

“ಅದ್ಯಾರಿಗ್ ಬೇಕು? ಮಗ್ಗ ಅವ್ಳದು, ಮನೆ ಎಸರೂ ಅವ್ಳ ತವರಿಂದೇ.” ಅಜ್ಜಿ ದೊಡ್ಡಪ್ಪನನ್ನೇ ದಿಟ್ಟಿಸಿದರು. “ಉಡುಗ ಎಲ್ಲಾ ಏಳಿದ. ಎಳೆ ಬೇರೆ ಅಂತಲ್ಲ? ಇರ್ದೆ ಏನು! ಗಂಡನ ಕಡೆ ಎಳೆ ಯಾವೂರ್ದೋ. ಎಣ್ಣಿನ ಕಡೆ ಎಳೆ ನಿಮ್ಮನೇದು. ಅದಕ್ಯಾಕೆ ಮೂರು ಜನ ಸಾವಿನ ಮನೆಗೆ ಬಂದಂಗೆ ಬಂದಿದ್ದೀರಿ?”

ದೊಡ್ಡಪ್ಪ ಗೋಡೆಗೆ ಒರಗಿ ಹಾಗೇ ಕೂತುಬಿಟ್ಟರು. ಅವರು ನನ್ನ ಕಡೆ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

“ಚಪ್ಪಡಿ ಕೆಳಗೆ ಚಿನ್ನಾನೂ ಇಲ್ಲ, ದೆವ್ವಾನೂ ಇಲ್ಲ ಕಣಮ್ಮಾ. ಏಳ್ನೇ ಮಗ್ಗ ಮಗಳ ಜೊತೆ ಬಂದೈತೆ. ಗುಂಡಿ ಯಾಕ್ ಬೇಕು ಅಂತ ಮುಚ್ಚವ್ರೆ.”

ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಬಾಗಿಲಲ್ಲಿ ಬಾಳೆ ಎಲೆ ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದರು, ಮೊಮ್ಮಗನನ್ನು ನೋಡಿದರು.

“ಮಗ್ಗ ತಂದವ್ವ ನಿಮ್ಮನೆ ಎಣ್ಣು ಅಂದ್ರೆ ನಮ್ಮ ಕುಮರೇಸ ನಿಮಗೆ ಅಣ್ಣತಮ್ಮ ಎಂಗಾದಾನು? ಅತ್ತೆ ಕಡೆ ಉಡುಗ. ಮುರೈ ಸರಿಯಾಗೈತೆ, ವರಸೆ ಕೂಡೈತೆ. ಎಣ್ಣು ಕೊಡ್ತೀರಾ?”

ಅಕ್ಕನ ಕೈಯ ಬಾಳೆ ಎಲೆ ನಡುವೆ ಸರ್ರೆಂದು ಸೀಳಿತು. ಕುಮರೇಸ ಲೆಕ್ಕದ ಮೇಷ್ಟ್ರು, ಆದರೂ ಆ ಹೊತ್ತಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಲಾಳಿಯನ್ನು ಎತ್ತಿ, ಮತ್ತೆ ಇಟ್ಟ. ದೊಡ್ಡಪ್ಪ ಅಕ್ಕನನ್ನು ಕೇಳಿದರು: “ಪೂರ್ಣಿ, ಆವತ್ತು ಕಾಫಿ ಕೊಡೋವಾಗ ಇವನನ್ನ ಅಣ್ಣ ಅಂದ್ಯಾ?”

“ಇಲ್ಲ ದೊಡ್ಡಪ್ಪ.”

“ಒಂದ್ಸಲಾನೂ?”

“ಒಂದ್ಸಲಾನೂ ಇಲ್ಲ.”

“ಅಂಗಾದ್ರೆ ಮಾತೇನೈತೆ?” ದೊಡ್ಡಪ್ಪ ಅಜ್ಜಿಯ ಕಡೆ ತಿರುಗಿದರು. “ಆವಾಗ ಎಣ್ಣು ಕೊಟ್ಟು ಮಗ್ಗಾನೂ ಕಳಿಸ್ಬುಟ್ಟವ್ರೆ ನಮ್ಮೋರು. ಇವಾಗ ಎಣ್ಣು ಕೊಡ್ತೀವಿ. ಮಗ್ಗ ಮಾತ್ರ ಕೇಳ್ಬೇಡಿ, ಇರೋದೇ ಆರು.”

ಅಜ್ಜಿ ನಕ್ಕ ನಗುವಿಗೆ ಎಡೆಯ ದೀಪ ಅಲ್ಲಾಡಿತು. ವಾಪಸು ಬರುವಾಗ ದೊಡ್ಡಪ್ಪ ಗುಂಪಿಗೆ ಇನ್ನೊಂದು ವಾಯ್ಸ್ ಮೆಸೇಜ್ ಹಾಕಿದರು. ಒಂದೇ ರಕ್ತ ಅಂದದ್ದು ಸುಳ್ಳಲ್ಲ, ಆದರೆ ಅದು ಬಂದ ದಾರಿ ಬೇರೆ, ಉಳಿದದ್ದನ್ನು ಮದುವೆ ಊಟದಲ್ಲಿ ವಿವರಿಸುತ್ತೇನೆ ಅಂತ.

ನೀವು ಕೇಳಬಹುದು, ಒಂದು ಸೀರೆ, ಒಂದು ಚಪ್ಪಡಿ, ಇದೆಲ್ಲ ಸಾಕ್ಷಿಯೇ? ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ಗಂಡಿನ ಎಳೆ ಬೇರೆ ಅನ್ನುವಷ್ಟನ್ನು ಪರೀಕ್ಷೆ ಹೇಳಿತು. ಮಿಕ್ಕದ್ದನ್ನು ಹೇಳಿದ್ದು ಆ ಸೀರೆ. ಪ್ರಾಜೆಕ್ಟಿನ ಪುಟದಲ್ಲಿ ಪ್ರತಿ ಶಾಖೆಯ ಮುಂದೆಯೂ ಮೂಲಪುರುಷನ ಹೆಸರು ಬರೆಯುವ ಒಂದು ಜಾಗ ಇದೆ. ಗಂಡಸಿನ ಹೆಸರನ್ನೇ ಕೇಳುತ್ತದೆ. ನಂಗವಳ್ಳಿ ಶಾಖೆಯ ಮುಂದೆ ನಾನು ‘ಮಗ್ಗ ತಂದವ್ವ’ ಅಂತ ಟೈಪ್ ಮಾಡಿದೆ. ವೆಬ್‌ಸೈಟು ತಕರಾರಿಲ್ಲದೆ ತೆಗೆದುಕೊಂಡಿತು. ಆ ಎಳೆ ನನ್ನಲ್ಲಿಲ್ಲ ಅಂತ ಮೊದಲೆಲ್ಲ ಸ್ವಲ್ಪ ಬೇಜಾರಿತ್ತು. ಆಮೇಲೆ ಆ ಬೇಜಾರು ಎಲ್ಲಿ ಹೋಯಿತೋ ಗೊತ್ತಿಲ್ಲ.

ಈಗ ಮತ್ತೆ ಆ ಅಮಾವಾಸ್ಯೆ ಬಂದಿದೆ. ನಾಳೆ ಎಡೆ. ಅಕ್ಕನ ಮನೆಗೆ ಬಂದು ಏಲಕ್ಕಿ ಟೀ ಕುಡಿಯುತ್ತಿದ್ದೇನೆ. ಸ್ಕೂಲಿನಿಂದ ಬಂದ ಕುಮರೇಸನಿಗೆ “ಬಾ ಅಣ್ಣ” ಅಂದು ನಾಲಿಗೆ ಕಚ್ಚಿಕೊಂಡು “ಬನ್ನಿ ಭಾವ” ಅಂದೆ. ಅಕ್ಕ ಒಳಗಿನಿಂದಲೇ ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ದೊಡ್ಡಪ್ಪನ ಫೋನ್. ಹಳೆಯ ಮನೆಯಲ್ಲಿ ಈ ಸಲ ಏಳನೆಯ ಗುಂಡಿಯ ಚಪ್ಪಡಿಯ ಮೇಲೂ ಒಂದು ಎಡೆ ಇಡುತ್ತಾರಂತೆ, ಸೀರೆ ತರಲು ಅಂಗಡಿಗೆ ಬಂದಿದ್ದಾರಂತೆ. “ಅವ್ವನಿಗೆ ಯಾವ ಬಣ್ಣ ಪಿಡಿಕ್ಕುಂ ಅಂತ ಅಜ್ಜೀನ ಕೇಳಮ್ಮಾ” ಅಂದರು. ಅವ್ವನಿಗೆ ಯಾವ ಬಣ್ಣ ಇಷ್ಟ ಅಂತ ನಾನು ಕೇಳಿದೆ.

ಅಜ್ಜಿ ಸೀಸೆಯ ನೀಲಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. “ಕೆನ್ನೆ ಉಜ್ಜೋ ಕಡ್ಡಿ ಐತಲ್ಲ ನಿನ್ ತಾವ, ಅದನ್ನ ಕೇಳು,” ಅಂದರು. ಆಮೇಲೆ ದೇವರ ಗೂಡಿನ ಕಡೆ ಒಮ್ಮೆ ನೋಡಿ, ತಾವೇ ಫೋನ್ ಕಿತ್ತುಕೊಂಡರು.

“ಅಲೋ, ಅಸ್ರು ಬಳೆಗೆ ಒಪ್ಪೋ ಅಂತಾದ್ದು ತಗೊಳ್ಳಿ. ಅವ್ಳು ತವರಿಗೆ ಬತ್ತಾವ್ಳೆ, ಚೆನ್ನಾಗಿರೋದು ತಗೊಳ್ಳಿ.”