ಮಿದುಳಿಗೊಂದು ರಜೆ ಅರ್ಜಿ

ಗೆಳೆಯರೇ, ಇವತ್ತು ನನ್ನ ತಲೆಯೇ ಓಡುತ್ತಿಲ್ಲ. ಶಿವನಸಮುದ್ರದ ಪವರ್ ಹೌಸಿನಲ್ಲಿ ಗುಮಾಸ್ತರಾಗಿರುವ ನಮ್ಮ ದೊಡ್ಡಪ್ಪ, ತಾವು ಸತ್ತ ಮೇಲೆ ಮಿದುಳನ್ನು ಪರೀಕ್ಷೆಗೆ ತೆಗೆದುಕೊಳ್ಳಿ ಎಂದು ಮೈಸೂರಿನ ಡಾಕ್ಟರುಗಳಿಗೆ ನನ್ನ ಕೈಲಿ ಅರ್ಜಿ ಬರೆಸುತ್ತಿದ್ದರು.

"ನಮ್ಮ ನೆನಪೆಲ್ಲ ಇರೋದು ಅದ್ರಲ್ಲೇ ಕಣ್ಲಾ" ಎಂದು ವಿವರಿಸಿದರು.

ರಾಗಿ ಕೇರುತ್ತಿದ್ದ ದೊಡ್ಡಮ್ಮ ಮೊರ ಕೆಳಗಿಟ್ಟರು. "ನೆನಪು ಮೈಸೂರಿಗೋದ್ರೆ, ಪಿತೃಪಕ್ಸದಲ್ಲಿ ಎಡೆ ಇಕ್ಕಿ ಕರೆದಾಗ ಮನೆ ದಾರಿ ಎಂಗೆ ಗೊತ್ತಾಯ್ತದೆ ನಿಮ್ಗೆ?"

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಅರ್ಜಿ ನೋಡಿದೆ.

ದೊಡ್ಡಪ್ಪ ಅರ್ಜಿಯ ಕೊನೆಯಲ್ಲಿ ಇನ್ನೊಂದು ಸಾಲು ಹಾಕಿಸಿದರು: "ಸದರಿ ಮಿದುಳಿಗೆ ವರ್ಷಕ್ಕೊಮ್ಮೆ, ಪಿತೃಪಕ್ಷಕ್ಕೆ, ಒಂದು ದಿನದ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ."

ಈ ಮಹಾಯುದ್ಧ ಶುರುವಾಗಿ ಪವರ್ ಹೌಸಿನಲ್ಲಿ ಕೆಲಸ ಹೆಚ್ಚಾದಾಗಿನಿಂದ ಈ ಮನುಷ್ಯ ತಮಗೆಂದು ಒಂದು ದಿನ ರಜೆ ಕೇಳಿದ್ದನ್ನು ನಾನು ಕಂಡಿಲ್ಲ.